ಹತ್ತು ಹುಳುಗಳ ಸಾಕ್ಷಿ

ಮುಬೀನಾಳ ಎಡಗೆನ್ನೆಯ ಮೇಲೆ ಒಂದು ಮೊಡವೆ ಎದ್ದಿತ್ತು. ಎದ್ದ ಮೊಡವೆ ಎರಡು ದಿನ ಇದ್ದು ತನ್ನ ಪಾಡಿಗೆ ತಾನು ಹೋಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಮಂಗಳವಾರ ಬೆಳಗಿನ ನಮಾಜು ಮುಗಿಸಿ ಅವಳು ದುಪಟ್ಟಾ ಸರಿಸಿದಾಗ ಮೊಡವೆಯ ಸುತ್ತ ಒಂದು ಚಪಾತಿಯ ಅಗಲಕ್ಕೆ ಚರ್ಮ ಕೆಂಪಗೆ ಉಬ್ಬಿತ್ತು. ಪಕ್ಕದಲ್ಲಿದ್ದವಳು ಕಿರುಚಿದಳು. ಅವಳು ಕಿರುಚಿದ್ದಕ್ಕೆ ಉಳಿದವರೆಲ್ಲ ಕಿರುಚಿದರು.

ಶಿಡ್ಲಘಟ್ಟದ ಅಂಚಿನಲ್ಲಿರುವ ಆ ಹುಡುಗಿಯರ ಮದರಸಾದ ಹಾಸ್ಟೆಲಿನಲ್ಲಿ ನಲವತ್ತು ಹುಡುಗಿಯರಿದ್ದಾರೆ, ಕೈ ತೊಳೆಯುವ ನಲ್ಲಿಯ ಮೇಲೆ ಒಂದೇ ಒಂದು ಕನ್ನಡಿಯಿದೆ. ಬೀದಿಗಿಳಿದರೆ ಬುರ್ಖಾದಲ್ಲಿ ಕಣ್ಣು ಬಿಟ್ಟು ಬೇರೇನೂ ಕಾಣದ ಹುಡುಗಿಯರಿಗೆ ಮುಖದ ಚಿಂತೆ ಏಕೆ ಎಂದು ಕೇಳುವವರು ಆ ಹಾಸ್ಟೆಲಿನಲ್ಲಿ ಒಂದು ದಿನ ಇದ್ದು ನೋಡಬೇಕು. ಬೀದಿಯ ಜನ ಒಂದು ಮುಖ ನೋಡಿ ಮರುಕ್ಷಣ ಮರೆಯುತ್ತಾರೆ. ಇಲ್ಲಿ ಒಂದು ಮುಖವನ್ನು ಮೂವತ್ತೊಂಬತ್ತು ಜನ ಬೆಳಗಿನಿಂದ ಓದುತ್ತಾರೆ. ಪಾಠದ ಪುಸ್ತಕವನ್ನು ಅಷ್ಟು ಓದಿದ್ದರೆ ಎಲ್ಲರೂ ರ‍್ಯಾಂಕು ಬರುತ್ತಿದ್ದರು.

ಕಿರುಚಾಟ ಕೇಳಿ ವಾರ್ಡನ್ ಷಮೀಮ್ ಆಪಾ ಬಂದರು. ಮುಬೀನಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಯಾ ಅಲ್ಲಾ! ಏನು ಬಳ್ಕೊಂಡೆ ಇದಕ್ಕೆ?" ಎಂದರು. ಮುಬೀನಾ ಹೆದರಿ ಬಾಯಿ ಬಿಡಲಿಲ್ಲ. ಆಪಾ ಕೂಡಲೇ ತಪಾಸಣೆಗೆ ಇಳಿದರು.

ನಲವತ್ತು ತಗಡಿನ ಪೆಟ್ಟಿಗೆಗಳು ಬಾಯಿ ತೆರೆದವು. ಮುಲ್ತಾನಿ ಮಿಟ್ಟಿ, ಗುಲಾಬಿ ನೀರು, ಒಣಗಿಸಿದ ಕಿತ್ತಳೆ ಸಿಪ್ಪೆ, ಅನ್ನ ಬಸಿದ ಗಂಜಿ, ಕಣ್ಣಿನ ಕೆಳಗೆ ಇಟ್ಟುಕೊಳ್ಳಲು ಕೊಯ್ದು ಕಪ್ಪಾಗಿದ್ದ ಆಲೂಗಡ್ಡೆ ಹೋಳು ಸಾಲಾಗಿ ಹೊರಬಂದವು. ಅಡಿಗೆಮನೆಯಿಂದ ಹೋದ ವಾರ ಕಾಣೆಯಾಗಿದ್ದ ಕಡಲೆಹಿಟ್ಟು ಏಳು ಪೆಟ್ಟಿಗೆಗಳಲ್ಲಿ ಹಂಚಿಹೋಗಿತ್ತು. ಅದಕ್ಕೆಲ್ಲ ಆಪಾ ಹಣೆ ಚಚ್ಚಿಕೊಂಡರು, ಅಷ್ಟೆ. ಅವರು ನಿಂತುಬಿಟ್ಟದ್ದು ಪ್ರತಿ ಪೆಟ್ಟಿಗೆಯ ಮೂಲೆಯಲ್ಲೂ ಸಿಕ್ಕ ಒಂದೊಂದು ಪುಟ್ಟ ಡಬ್ಬಿಯನ್ನು ನೋಡಿ. ಎಲ್ಲದರಲ್ಲೂ ಒಂದೇ ಬಣ್ಣದ ಹಸಿರು ಪೇಸ್ಟು.

"ಇದು ಯಾರದು?"

ಕಣ್ಣುಗಳೆಲ್ಲ ಒಂದೇ ಕಡೆ ಹೋದವು.

"ನಂದು ಆಪಾ," ಎಂದು ತರನ್ನುಮ್ ಮುಂದೆ ಬಂದಳು.

ಹದಿನಾರರ ತರನ್ನುಮ್ ಗೌರಿಬಿದನೂರಿನ ಬಳೆ ಅಂಗಡಿಯವರ ಮಗಳು. ಮೂರು ತಿಂಗಳ ಹಿಂದೆ ಆಪಾ ಹುಡುಗಿಯರು ಕೊಂಡುತಂದಿದ್ದ ಕ್ರೀಮುಗಳನ್ನೆಲ್ಲ ಕೆಮಿಕಲ್ಲು ಎಂದು ಕಿತ್ತುಕೊಂಡಾಗ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಸೂತಕ ಹಿಡಿದಂತೆ ಕೂತಿತ್ತು. ಆಗ ಕೈ ಹಿಡಿದವಳು ಇವಳೇ. ತೀರಿಹೋದ ತನ್ನ ನಾನಿ, ಅಂದರೆ ಅಜ್ಜಿಯ ಮನೆತನದಲ್ಲಿ ಹಕೀಮ ವೈದ್ಯರಿದ್ದರೆಂದೂ, ಅಂಬಾಜಿದುರ್ಗದ ಬೆಟ್ಟದ ಇಪ್ಪತ್ತೊಂದು ಮೂಲಿಕೆಗಳ ಗುಟ್ಟು ತನಗೊಬ್ಬಳಿಗೇ ಗೊತ್ತೆಂದೂ ಹೇಳಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಒರಳಿನಲ್ಲಿ ಅರೆದು ಡಬ್ಬಿಗೆ ತುಂಬಿ ಕೊಡುತ್ತಿದ್ದಳು. ಪ್ರತಿಯಾಗಿ ಸರದಿಯ ಮೇಲೆ ಉಳಿದವರು ಅವಳ ಬಟ್ಟೆ ಒಗೆಯಬೇಕು. ಮೂರು ತಿಂಗಳಿಂದ ಅವಳ ಕೈಗೆ ಸೋಪಿನ ನೊರೆ ತಾಕಿರಲಿಲ್ಲ.

"ಯಾರಿಗೆ ತೋರ್ಸೋಕೆ ಕಣೇ ಇಷ್ಟೆಲ್ಲ ಮೆತ್ಕೋತೀರಾ?" ಎಂದು ಆಪಾ ಗದರಿದರು.

"ಯಾರಿಗೂ ಅಲ್ಲ ಆಪಾ, ನಮಗೆ. ನನ್ನ ಮುಖ ನನಗೆ ಬೇಡ್ವಾ?"

ಇಂಥ ಪ್ರಶ್ನೆ ಬಂದಾಗ ದೊಡ್ಡವರು ಮಾಡುವಂತೆ ಆಪಾ ಕೂಡ ವಿಷಯ ಬದಲಾಯಿಸಿದರು.

"ಆ ಹುಡುಗಿ ಮುಖ ನೋಡು! ವಿಷ ಅರೆದು ಕೊಟ್ಟಿದೀಯಾ ನೀನು!"

"ಕೆಮಿಕಲ್ ಬೇಡ ಅಂದ್ರಿ, ಬಿಟ್ವಿ. ಇದು ಸೊಪ್ಪು ಆಪಾ. ಸೊಪ್ಪಲ್ಲಿ ವಿಷ ಎಲ್ಲಿಂದ ಬರತ್ತೆ?"

"ಉಮ್ಮತ್ತಿನೂ ಸೊಪ್ಪೇ. ಹೊಗೆಸೊಪ್ಪಿನ ಹೆಸರಲ್ಲೇ ಸೊಪ್ಪಿದೆ. ಏನೇನು ಹಾಕಿದೀಯಾ, ಹೇಳು."

"ಅದು ಖಾಂದಾನಿ ಗುಟ್ಟು, ನಮ್ಮ ಮನೆತನದ್ದು. ಹೇಳಲ್ಲ."

"ಹೇಳಲ್ವಾ? ಸರಿ. ನಿಮ್ಮ ಅಬ್ಬಾಗೆ ಹೇಳ್ಕೋ," ಎಂದು ಆಪಾ ಫೋನು ತೆಗೆದು ಅಲ್ಲೇ ಗೌರಿಬಿದನೂರಿಗೆ ಹಚ್ಚಿದರು. ಮಗಳನ್ನು ಕರೆದುಕೊಂಡು ಹೋಗಿ ಎಂದರು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನಾಲ್ಕು ಗಂಟೆಯ ಹೊತ್ತಿಗೆ ಬರುತ್ತೇನೆ ಎಂದಿತು ಆ ಕಡೆಯ ದನಿ.

ಮುಂದಿನ ತಿಂಗಳು ತರನ್ನುಮ್ ಹತ್ತನೇ ತರಗತಿಯ ಪರೀಕ್ಷೆಗೆ ಕೂರಬೇಕಿತ್ತು. ಇನ್ನೊಂದು ದೂರು ಬಂದರೆ ಓದು ಸಾಕು, ಬಳೆ ಅಂಗಡಿಯಲ್ಲಿ ಕೂರು ಎಂದು ಅಬ್ಬಾ ರಂಜಾನಿನಲ್ಲೇ ಹೇಳಿದ್ದರು. ಅಬ್ಬಾ ಮಾತು ಕಡಿಮೆ, ಆಡಿದ್ದನ್ನು ಮಾಡುವವರು. ಒಂದು ಸಲ ಆ ಅಂಗಡಿಯ ಚಾಪೆಯ ಮೇಲೆ ಕೂತರೆ ಅಲ್ಲಿಂದ ಏಳುವುದು ಮದುವೆಗೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಗಲ್ಲ ಎತ್ತಿಯೇ ನಿಂತಿದ್ದಳು. ಅತ್ತು ಅವಳಿಗೆ ಅಭ್ಯಾಸವಿರಲಿಲ್ಲ.

"ವಿಷ ಅಂತ ಸಾಬೀತು ಮಾಡಿ ಆಪಾ, ನಾನೇ ಹೋಗ್ತೀನಿ. ಸಾಬೀತು ಮಾಡ್ದೆ ಕಳಿಸೋಕೆ ನಾನೇನು ಒಡೆದ ಬಳೆನಾ?"

ಆಗ ಹಿತ್ತಲ ಗೋಡೆಯ ಮೇಲಿಂದ ಒಂದು ತಲೆ ಎದ್ದಿತು. "ಏಮಮ್ಮಾ ಷಮೀಮಮ್ಮಾ, ಬೆಳಬೆಳಿಗ್ಗೆ ಏನು ಗಲಾಟೆ? ನಮ್ಮ ಹುಳ ಬೆಚ್ಚಿಬೀಳ್ತಾವೆ."

ಪಕ್ಕದ ವೆಂಕಟರತ್ನಮ್ಮ. ಗೋಡೆಯಾಚೆ ಅವಳೂ ಗಂಡ ಮುನಿವೆಂಕಟಪ್ಪನೂ ರೇಷ್ಮೆ ಹುಳು ಸಾಕುವ ಮನೆಯೂ ಅದಕ್ಕೆ ಬೇಕಾದ ಸೊಪ್ಪಿನ ತೋಟವೂ ಇವೆ. ಹುಳುಗಳಿಗೆ ಮೇವು ಹಾಕುವ ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಅವಳು ಮದರಸಾದ ಸುದ್ದಿಯನ್ನೇ ಮೇಯುತ್ತಿದ್ದಳು. ವಿಷಯ ಕೇಳಿ ಅವಳು ಬಿದ್ದು ಬಿದ್ದು ನಕ್ಕಳು.

"ವಿಷವೋ ಅಲ್ವೋ ನೋಡಕ್ಕೆ ಇಷ್ಟು ರಂಪ ಯಾಕಮ್ಮಾ? ನಮ್ಮ ಹುಳ ಇಲ್ವಾ? ಹೊರಗಡೆ ಸೊಪ್ಪು ತಂದ್ರೆ ಮೊದ್ಲು ಹತ್ತು ಹುಳಕ್ಕೆ ಹಾಕ್ತೀವಿ. ಔಷಧಿ ಹೊಡೆದ ಸೊಪ್ಪಾದ್ರೆ ಗಂಟೆ ಒಳಗೆ ತಲೆ ಒದರಿ ಹಸುರು ಕಕ್ಕಿ ಸಾಯ್ತಾವೆ. ಡಾಕ್ಟ್ರು ತಪ್ಪು ಹೇಳ್ಬೋದು, ಹುಳ ಹೇಳಲ್ಲ."

ಶಿಡ್ಲಘಟ್ಟದಲ್ಲಿ ಹುಳುವಿನ ಮಾತಿಗೆ ಎದುರಾಡುವವರಿಲ್ಲ. ಆಪಾ ಕೂಡ ಯೋಚನೆಗೆ ಬಿದ್ದರು. ತರನ್ನುಮ್ ಮಾತ್ರ ಯೋಚಿಸಲಿಲ್ಲ.

"ಆಗ್ಲಿ! ಹುಳಕ್ಕೇ ಹಾಕಿ!" ಎಂದುಬಿಟ್ಟಳು.

ಇಷ್ಟು ದೊಡ್ಡ ತೀರ್ಮಾನಕ್ಕೆ ತಮ್ಮೊಬ್ಬರ ತಲೆ ಸಾಲದೆಂದು ಆಪಾ ಮದರಸಾ ಕಮಿಟಿಯ ಅಧ್ಯಕ್ಷರಿಗೆ ಹೇಳಿಕಳಿಸಿದರು. ರೇಷ್ಮೆ ಗೂಡಿನ ನೂಲು ಬಿಚ್ಚುವ ಕಾರ್ಖಾನೆಯ ಒಡೆಯರಾದ ಲಾಲ್ ಬಾಷಾ ಸಾಹೇಬರು ಹನ್ನೊಂದಕ್ಕೆ ಬಂದರು. ಅವರು ಬರುವ ಎರಡು ನಿಮಿಷ ಮೊದಲೇ ಅವರ ಅತ್ತರು ಬಂದಿತ್ತು. ಮಾತು ಕೇಳಿ ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು: ನಾಲ್ಕು ಗಂಟೆಯವರೆಗೆ ಗಡುವು. ಹುಳು ಸತ್ತರೆ, ಇಲ್ಲವೇ ಪೇಸ್ಟನ್ನು ಮುಟ್ಟದೇ ಹೋದರೆ, ಹುಡುಗಿ ಅಪ್ಪನ ಜೊತೆ ಮನೆಗೆ. ತಿಂದು ಬದುಕಿದರೆ ಹುಡುಗಿಯೂ ಇರಲಿ, ಪೇಸ್ಟೂ ಇರಲಿ.

"ಮಾತು ಕೊಟ್ಟಿದೀರಾ ಸಾಹೇಬ್," ಎಂದಳು ತರನ್ನುಮ್.

"ಲಾಲ್ ಬಾಷಾ ಮಾತು ಕೊಟ್ರೆ ಕೊಟ್ಟಂಗೆ ಬೇಟಿ."

ಮದರಸಾಕ್ಕೆ ಮದರಸಾವೇ ಬುರ್ಖಾ ತೊಟ್ಟು ಮುನಿವೆಂಕಟಪ್ಪನ ಅಂಗಳಕ್ಕೆ ಹೊರಟಿತು. ಅಲ್ಲಿ ಬಾಗಿಲಲ್ಲೇ ವೆಂಕಟರತ್ನಮ್ಮ ಎರಡು ಕೈ ಅಗಲಿಸಿ ನಿಂತಳು. ಹುಳುವಿನ ಮನೆಯೊಳಗೆ ಹೊರಗಿನವರು ಕಾಲು ಇಡುವಂತಿಲ್ಲ. ಅಂಗಳಕ್ಕೆ ಬರುವುದಿದ್ದರೂ ಚಪ್ಪಲಿ ಆಚೆ, ಸುಣ್ಣದ ಪುಡಿ ತುಳಿದು ಬರಬೇಕು, ಘಮ್ಮೆನ್ನುವುದು ಯಾವುದೂ ಹತ್ತಿರ ಸುಳಿಯಬಾರದು. ಅವಳು ಮೂಗು ಎಳೆದು ಲಾಲ್ ಬಾಷಾ ಸಾಹೇಬರ ಕಡೆ ತಿರುಗಿದಳು.

"ಸಾಹೇಬ್ರೇ, ತಪ್ಪು ತಿಳ್ಕೋಬೇಡಿ. ಈ ವಾಸನೆಗೇ ನಮ್ಮ ಹುಳ ಅರ್ಧ ಸಾಯ್ತಾವೆ. ಆಮೇಲೆ ಪಾಪ ಆ ಮಗು ಮೇಲೆ ಬರತ್ತೆ."

ಹೀಗಾಗಿ ಅಧ್ಯಕ್ಷರು ಬೀದಿಯ ಆಚೆ ಬದಿಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಕೂಗಿ ಕೂಗಿ ಅಧ್ಯಕ್ಷತೆ ವಹಿಸಬೇಕಾಯಿತು.

ಮುನಿವೆಂಕಟಪ್ಪ ಒಂದು ಬಿದಿರಿನ ತಟ್ಟೆಯಲ್ಲಿ ಹತ್ತು ಹುಳುಗಳನ್ನು ತಂದು ಜಗಲಿಯ ಮೇಲಿಟ್ಟ. ಗೂಡು ಕಟ್ಟಲು ಇನ್ನು ನಾಲ್ಕೇ ದಿನ ಇದ್ದ, ಕಿರುಬೆರಳ ಗಾತ್ರದ ಹೊಟ್ಟೆಬಾಕ ಹುಳುಗಳು. ಹುಡುಗಿಯರು ಬಗ್ಗಿ ನೋಡಿ ಹಿಂದೆ ಸರಿದರು. ಹೆಚ್ಚಿನವರೆಲ್ಲ ನೂಲು ಬಿಚ್ಚುವ ಮನೆಗಳ ಮಕ್ಕಳು. ಗೂಡನ್ನು ಕೈಯಲ್ಲಿ ಹಿಡಿದರೆ ಸಾಕು ಎಷ್ಟು ಮೀಟರು ನೂಲು ಬರುತ್ತದೆ ಎಂದು ಹೇಳಬಲ್ಲರು, ಜೀವಂತ ಹುಳುವನ್ನು ಇಷ್ಟು ಹತ್ತಿರದಿಂದ ಕಂಡವರು ಕಡಿಮೆ. ಗೌರಿಬಿದನೂರಿನ ಬಳೆ ಅಂಗಡಿಯವಳಂತೂ ಗೂಡನ್ನೂ ಸರಿಯಾಗಿ ಕಂಡವಳಲ್ಲ.

ಮುನಿವೆಂಕಟಪ್ಪ ಒಂದು ಹಿಪ್ಪುನೇರಳೆ ಎಲೆ ತೆಗೆದುಕೊಂಡು, "ತಾರಮ್ಮಾ ಆ ನಿನ್ನ ಪೇಸ್ಟು. ಈ ಸೊಪ್ಪಿನ ಮೇಲೆ ಸವರಿ ಹಾಕಣ," ಎಂದ.

ತರನ್ನುಮ್ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡಳು. "ಬೇಡ. ಆಮೇಲೆ ಹುಳ ಸೊಪ್ಪಿನ ಆಸೆಗೆ ತಿಂದ್ವು, ಪೇಸ್ಟಿಗೆ ಅಲ್ಲ ಅಂತೀರಾ. ಸೊಪ್ಪು ಬೇಡ. ಬರೀ ಪೇಸ್ಟು ಇಡಿ."

"ಬರೀ ಪೇಸ್ಟಾ? ಅಲ್ಲಮ್ಮಾ, ನಮ್ಮ ಹುಳ ಹಂಗೆಲ್ಲ..."

"ಇಡಿ ತಾತ! ಹೆದರಿಕೆ ನನಗಿಲ್ಲ, ನಿಮಗ್ಯಾಕೆ?"

"ಹೆದರಿಕೆ ಅಲ್ಲ ಕಣಮ್ಮಾ. ಅವು ಏನಂದ್ರೆ..."

"ಮುನಿವೆಂಕಟಪ್ಪ!" ಎಂದು ಬೀದಿಯಾಚೆಯಿಂದ ಲಾಲ್ ಬಾಷಾ ಕೂಗಿದರು. "ಹುಡುಗಿ ಕೇಳ್ದಂಗೆ ಮಾಡು! ನಾಳೆ ನ್ಯಾಯ ಸರಿಯಾಗಲಿಲ್ಲ ಅನ್ಬಾರ್ದು!"

"ಸಾಹೇಬ್ರೇ, ಒಂದ್ಮಾತು..."

"ಇಡಯ್ಯಾ ಸುಮ್ನೆ," ಎಂದಳು ಹೆಂಡತಿ. "ಮಗು ನೆಟ್ಟಗೆ ನಿಂತು ಮಾತಾಡ್ತಾ ಐತೆ. ನೀನು ನನ್ನ ಹತ್ರನಾದ್ರೂ ಯಾವತ್ತಾದ್ರೂ ಹಂಗೆ ಮಾತಾಡಿದೀಯಾ?"

ಮೂವರ ಬಾಯಿಗೆ ಒಬ್ಬನ ಬಾಯಿ ಸಾಲಲಿಲ್ಲ. ಮುನಿವೆಂಕಟಪ್ಪ ಹೆಗಲ ಟವೆಲ್ಲು ಕೊಡವಿ, ಊಟದ ಮುತ್ತುಗದ ಎಲೆಯೊಂದನ್ನು ತಟ್ಟೆಗೆ ಹಾಸಿ, ಅದರ ಮೇಲೆ ಹಸಿರು ಪೇಸ್ಟನ್ನು ಸವರಿ, ಹುಳುಗಳನ್ನು ಪಕ್ಕಕ್ಕೆ ಬಿಟ್ಟ. ಪಾಪದ ಹುಡುಗಿ, ತಾನೇ ಸೋಲು ಬರೆದುಕೊಂಡಳು ಎಂದು ಅವನ ಮುಖದಲ್ಲಿ ಕಾಣುತ್ತಿತ್ತು.

ಹನ್ನೆರಡಾಯಿತು. ಹುಳುಗಳು ಅಲ್ಲಾಡಲಿಲ್ಲ. ಬೆಳಗಿನ ಮೇವು ಹೊಟ್ಟೆಯಲ್ಲಿತ್ತೋ, ಜಾಗ ಹೊಸದಾಗಿತ್ತೋ, ಹತ್ತೂ ಮದುವೆಮನೆಗೆ ಬಂದ ಬೀಗರಂತೆ ಬಿಗಿದುಕೊಂಡು ಕೂತಿದ್ದವು. ಮಧ್ಯಾಹ್ನದ ನಮಾಜಿಗೆ ಎಲ್ಲರೂ ಮದರಸಾಕ್ಕೆ ಹೋದಾಗ ಕಾವಲಿಗೆ ವೆಂಕಟರತ್ನಮ್ಮ ಉಳಿದಳು. ನಮಾಜಿನಲ್ಲಿ ತರನ್ನುಮ್ ಕೈಯೆತ್ತಿ ಏನು ಬೇಡಿಕೊಂಡಳೋ ಅವಳಿಗೂ ದೇವರಿಗೂ ಗೊತ್ತು. ಆದರೆ ಅಂದು ಬೇಡಿದಷ್ಟು ಭಕ್ತಿಯಿಂದ ಅವಳು ಹಿಂದೆಂದೂ ಬೇಡಿರಲಿಲ್ಲ ಎಂದು ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು.

ಎರಡೂವರೆಯಾಯಿತು. ಹುಡುಗಿಯರಲ್ಲಿ ಗುಸುಗುಸು ಎದ್ದಿತು. "ವಿಷಾನೇ ಇರ್ಬೇಕು ಕಣೇ, ಹುಳಕ್ಕೆ ವಾಸನೆ ಗೊತ್ತಾಗತ್ತೆ." ಹಾಗೆಂದವಳು ಅಂದು ಬೆಳಿಗ್ಗೆಯೂ ಅದನ್ನೇ ಹಚ್ಚಿಕೊಂಡಿದ್ದಳು. ಬುರ್ಖಾದೊಳಗೇ ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಳ್ಳತೊಡಗಿದಳು. ಮುಬೀನಾ ಒಂದು ಮೂಲೆಯಲ್ಲಿ ಬಿಕ್ಕುತ್ತಿದ್ದಳು.

"ಹಸಿವಾಗ್ಲಿ, ತಿಂತಾವೆ," ಎಂದಳು ತರನ್ನುಮ್. ದನಿ ಗಟ್ಟಿಯಾಗಿಯೇ ಇತ್ತು.

ಮೂರಕ್ಕೆ ಒಂದು ಹುಳು ತಲೆ ಎತ್ತಿತು. ಅತ್ತಿತ್ತ ಆಡಿಸಿತು. ಕಕ್ಕುತ್ತದೆಂದು ನಲವತ್ತು ಹುಡುಗಿಯರು ಉಸಿರು ಬಿಗಿ ಹಿಡಿದರು. ಅದು ನಿಧಾನವಾಗಿ ಹಸಿರಿನ ಕಡೆ ಹರಿದು, ತಲೆ ಬಗ್ಗಿಸಿ, ಅಂಚಿನಿಂದ ಶುರುಮಾಡಿತು. ಅದರ ಹಿಂದೆ ಎರಡನೆಯದು ಬಂತು. ಮೂರೂಕಾಲಿಗೆ ಹತ್ತೂ ಪಂಕ್ತಿಯಲ್ಲಿ ಕೂತಿದ್ದವು. ಮೂರೂವರೆಗೆ ಮುತ್ತುಗದ ಎಲೆ ತೊಳೆದಿಟ್ಟಂತೆ ಖಾಲಿಯಾಗಿತ್ತು. ಒಂದು ಹುಳು ಇನ್ನೂ ಬೇಕೆಂದು ಎಲೆಯ ತುದಿಯಿಂದ ಕತ್ತು ಚಾಚಿತ್ತು.

ಅಂಗಳದಲ್ಲಿ ಎದ್ದ ಕೂಗಿಗೆ ಪಕ್ಕದ ಬೀದಿಯ ನಾಯಿಗಳೂ ದನಿಗೂಡಿಸಿದವು. "ಮುಬಾರಕ್ ಬೇಟಿ!" ಎಂದು ಲಾಲ್ ಬಾಷಾ ಕಲ್ಲಿನಿಂದೆದ್ದು ಕೈ ಬೀಸಿದರು. ಈ ಸಂಭ್ರಮದ ಧೈರ್ಯದಲ್ಲಿ ಮುಬೀನಾ ಕೊನೆಗೂ ಬಾಯಿ ಬಿಟ್ಟಳು.

"ಆಪಾ, ಬೈಬೇಡಿ. ಮೊಡವೆ ಬೇಗ ಉದುರ್ಲಿ ಅಂತ ನಾನು ನಿನ್ನೆ ಎಕ್ಕದ ಹಾಲು ಹಚ್ಚಿದ್ದೆ. ನಮ್ಮಮ್ಮನ ತಂಗಿ, ಖಾಲಾ ಹೇಳಿದ್ರು, ಗಿಡದ್ದು ಅಲ್ವಾ, ಏನೂ ಆಗಲ್ಲ ಅಂತ."

"ಎಕ್ಕದ ಹಾಲಾ!" ವೆಂಕಟರತ್ನಮ್ಮ ಎದೆ ಮೇಲೆ ಕೈಯಿಟ್ಟಳು. "ಕಣ್ಣಿಗೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತಲ್ಲೇ ತಾಯಿ! ನಡೀರಿ, ಮೊದ್ಲು ಇವಳನ್ನ ಆಸ್ಪತ್ರೆಗೆ ಕರ್ಕೊಂಡೋಗಿ."

"ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು ನಿಂಗೆ?" ಎಂದು ತರನ್ನುಮ್ ಹಲ್ಲು ಕಡಿದಳು.

"ಬೈತಾರೆ ಅಂತ..."

ಷಮೀಮ್ ಆಪಾ ಒಬ್ಬ ಟೀಚರ್ ಜೊತೆ ಮುಬೀನಾಳನ್ನು ಆಟೋ ಹತ್ತಿಸಿ ಬಂದು, "ಆಯ್ತು ತರನ್ನುಮ್, ತಪ್ಪು ನಂದು. ನಿಮ್ಮ ಅಬ್ಬಾಗೆ ನಾನೇ ಹೇಳ್ತೀನಿ," ಎಂದರು. ಅಷ್ಟಕ್ಕೆ ಮುಗಿಯಬೇಕಿತ್ತು. ಗೆದ್ದವರು ಗೆದ್ದ ಕೂಡಲೇ ಮನೆಗೆ ಹೋಗಬೇಕು, ಅಂಗಳದಲ್ಲಿ ನಿಲ್ಲಬಾರದು. ಆದರೆ ಬೆಳಗಿನಿಂದ ವಿಷಗಾತಿ ಎನ್ನಿಸಿಕೊಂಡವಳ ಹೊಟ್ಟೆ ಅಷ್ಟಕ್ಕೆ ತಣ್ಣಗಾಗಲಿಲ್ಲ. ಅವಳು ಜಗಲಿಯ ಮೇಲೆ ಹತ್ತಿ ನಿಂತಳು.

"ಎಲ್ಲರೂ ಕೇಳ್ಕೊಳ್ಳಿ! ಇಪ್ಪತ್ತೊಂದು ಮೂಲಿಕೆ! ಅಂಬಾಜಿದುರ್ಗದ ಬೆಟ್ಟದ್ದು! ಒಂದೊಂದನ್ನೂ ನಮ್ಮ ನಾನಿ ಆರಿಸಿ ಆರಿಸಿ ತೋರಿಸಿಕೊಟ್ಟಿದ್ದು! ಹುಳನೇ ಒಪ್ಕೊಂಡ್ವು!"

"ಅದೇ ನಂಗೂ ಆಶ್ಚರ್ಯ ಕಣಮ್ಮಾ," ಎಂದ ಮುನಿವೆಂಕಟಪ್ಪ.

ಪೇಸ್ಟು ಕೇಳಿದ್ದು ಬಿಟ್ಟರೆ ಬೆಳಗಿನಿಂದ ಅವನು ಪೂರ್ತಿಯಾಗಿ ಆಡಿದ ಮೊದಲ ಮಾತು ಅದು. ಈ ಸಲ ಯಾರೂ ತಡೆಯಲಿಲ್ಲ. ಅವನು ಡಬ್ಬಿಯ ತಳದಲ್ಲಿ ಉಳಿದಿದ್ದನ್ನು ಬೆರಳಿಂದ ತೆಗೆದು, ಉಜ್ಜಿ, ಮೂಸಿ ನೋಡುತ್ತಿದ್ದ.

"ಆಗ್ಲಿಂದ ಹೇಳಾಣ ಅಂತಿದ್ದೆ, ಯಾರೂ ಬಿಡ್ಲಿಲ್ಲ. ಮೇಕೆ ಥರ ಅಲ್ಲಮ್ಮಾ ಈ ಹುಳ. ಹಸ್ಕೊಂಡು ಸತ್ರೂ ಹಿಪ್ಪುನೇರಳೆ ಬಿಟ್ಟು ಇನ್ನೊಂದು ಸೊಪ್ಪು ಮುಟ್ಟಲ್ಲ. ಅದಕ್ಕೆ ಬೇರೆ ಒಂದೇ ಒಂದು ಮೂಲಿಕೆ ಬೆರೆಸಿದ್ರೂ ಮುಖ ತಿರುಗಿಸ್ತಾವೆ. ಇದ್ರಲ್ಲಿ ಇಪ್ಪತ್ತೊಂದು ಇಲ್ಲ ತಾಯಿ. ಒಂದೇ ಇರೋದು. ಆ ಒಂದೂ ನಮ್ಮ ತೋಟದ್ದೇ."

"ಮೂರು ತಿಂಗಳಿಂದ ಗೋಡೆ ಪಕ್ಕದ ಎರಡು ಸಾಲು ಬೋಳಾಗ್ತಾನೇ ಇತ್ತು," ಎಂದು ಮುನಿವೆಂಕಟಪ್ಪ ಮುಂದುವರಿಸಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಹಳೆಯ ಕಗ್ಗಂಟು ಬಿಡಿಸಿಕೊಂಡ ನೆಮ್ಮದಿಯಿತ್ತು. "ನಾನು ಸಾಹೇಬ್ರ ಮೇಕೆ ಮೇಯ್ತಾವೆ ಅಂದ್ಕೊಂಡಿದ್ದೆ."

"ಓಹೋ! ನನ್ನ ಮೇಕೆ ಕಾಲಿಗೆ ಕಲ್ಲು ಹೊಡೆದೋನು ನೀನೇನಾ?" ಎಂದು ಬೀದಿಯಾಚೆಯಿಂದ ಲಾಲ್ ಬಾಷಾ ಗುಡುಗಿದರು.

"ಗೋಡೆಯಿಂದ ನಮ್ಮ ಕಡೆ ಬಾಗಿದ್ದನ್ನ ಕಿತ್ತೆ," ಎಂದಳು ತರನ್ನುಮ್.

"ಎರಡು ಸಾಲೂ ಬಾಗಿತ್ತಾ ತಾಯಿ?"

ತರನ್ನುಮ್ ಉತ್ತರ ಕೊಡುವುದರೊಳಗೆ ಹುಡುಗಿಯರ ಗುಂಪಿನಿಂದ ಒಂದು ದನಿ ಎದ್ದಿತು. "ಹುಳದ ಮೇವು! ನಾವು ಮೂರು ತಿಂಗಳು ಹುಳದ ಮೇವು ಮೆತ್ಕೊಂಡ್ವಾ?" ಇನ್ನೊಂದು ದನಿ, "ಇದಕ್ಕೋಸ್ಕರ ನಾನು ಮೂರು ಸಲ ನಿನ್ನ ಬಟ್ಟೆ ಒಗೆದೆ!" ಆಗಷ್ಟೇ ಅವಳ ಗೆಲುವಿಗೆ ಕೂಗು ಹಾಕಿದವರೆಲ್ಲ ಈಗ ಅವಳ ಮೇಲೆ ಬಿದ್ದರು. ಆಪಾ ಕ್ರೀಮು ಕಿತ್ತುಕೊಂಡಾಗಲೂ ಅವರಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

"ಮುಖ ಹೊಳೀತಾ ಇಲ್ವಾ, ಅದು ಹೇಳ್ರೇ!" ಎಂದು ತರನ್ನುಮ್ ಕೂಗಿದಳು.

ಹೊಳೆದದ್ದು ನಿಜವಾಗಿತ್ತು. ಆದರೆ ಹುಳುವಿನ ಊಟದಿಂದ ಹೊಳೆದೆ ಎಂದು ಯಾವ ಹುಡುಗಿ ತಾನೇ ಬಾಯಿಬಿಟ್ಟು ಒಪ್ಪುತ್ತಾಳೆ?

"ಹೋಗ್ಲಿ ಬಿಡಿ ಷಮೀಮಮ್ಮಾ, ಸೊಪ್ಪು ತಾನೇ, ಮತ್ತೆ ಚಿಗುರತ್ತೆ," ಎಂದ ಮುನಿವೆಂಕಟಪ್ಪ. ತಾನು ಎಳೆದ ಎಳೆಗೆ ಇಡೀ ಸೀರೆಯೇ ಬಿಚ್ಚುತ್ತಿರುವುದು ನೋಡಿ ಅವನಿಗೇ ಗಾಬರಿಯಾಗಿತ್ತು.

"ಸೊಪ್ಪು ನಿಮ್ಮದು, ನೀವು ಬಿಡಬಹುದು ಅಣ್ಣಾ. ಮೂರು ತಿಂಗಳು ಕದ್ದು, ಅದರ ಮೇಲೆ ಸತ್ತ ನಾನಿ ಹೆಸರಲ್ಲಿ ಸುಳ್ಳು ಹೇಳಿದಾಳೆ. ಅದನ್ನ ನಾನು ಹೆಂಗೆ ಬಿಡ್ಲಿ?" ಎಂದರು ಆಪಾ. ಅವರ ಕಣ್ಣಲ್ಲೂ ನೀರಿತ್ತು. ತರನ್ನುಮ್ ಅವರ ಮೆಚ್ಚಿನ ಹುಡುಗಿ.

ತರನ್ನುಮ್ ಬೀದಿಯಾಚೆಗೆ ತಿರುಗಿದಳು. "ಸಾಹೇಬ್! ನೀವು ಮಾತು ಕೊಟ್ಟಿದ್ರಿ!"

"ವಿಷದ್ದಕ್ಕೆ ಕೊಟ್ಟಿದ್ದೆ ಬೇಟಿ," ಎಂದು ಲಾಲ್ ಬಾಷಾ ಬೇಸರದಿಂದಲೇ ಕೂಗಿದರು. "ಕಳ್ಳತನದ್ದಕ್ಕೆ ಯಾರು ಕೊಟ್ಟಿದ್ರು?"

ನಾಲ್ಕಕ್ಕೆ ಸರಿಯಾಗಿ ಮದರಸಾದ ಗೇಟಿನ ಮುಂದೆ ಅಬ್ಬಾ ಆಟೋದಿಂದಿಳಿದರು. ದಾರಿಯುದ್ದಕ್ಕೂ ಯೋಚಿಸಿ ಯೋಚಿಸಿ ಅವರ ಮುಖ ಸಣ್ಣಗಾಗಿತ್ತು. ತಗಡಿನ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು, ಒಗೆಯದ ಬಟ್ಟೆಯ ಗಂಟನ್ನು ಕಂಕುಳಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಮಗಳು ನಿಂತಿದ್ದಳು.

"ಏನಮ್ಮಾ ಇದು? ಹುಡುಗೀರಿಗೆ ವಿಷ ಹಚ್ಚಿದೆಯಂತೆ?"

"ವಿಷ ಅಲ್ಲ ಅಬ್ಬಾ," ಎಂದಳು ತರನ್ನುಮ್ ತಲೆ ಎತ್ತಿಯೇ. "ಅದು ಸಾಬೀತಾಯ್ತು. ಹತ್ತು ಹುಳ ನನ್ನ ಕಡೆ ಸಾಕ್ಷಿ ಹೇಳಿದ್ವು. ಆಪಾನೂ ತಪ್ಪು ಅವರದೇ ಅಂತ ಒಪ್ಕೊಂಡ್ರು."

"ಮತ್ತೆ ಪೆಟ್ಟಿಗೆ ಯಾಕೆ ಹೊರಗಿದೆ?"

ತರನ್ನುಮ್ ಬಗ್ಗಿ ಪೆಟ್ಟಿಗೆಯ ಒಂದು ಕಡೆಯ ಹಿಡಿ ಹಿಡಿದು ಎತ್ತಿ, ಇನ್ನೊಂದು ಕಡೆ ಹಿಡಿದುಕೊಳ್ಳಿ ಎಂಬಂತೆ ಅಬ್ಬಾನನ್ನು ನೋಡಿದಳು.

"ಕೇಳಿದ್ದಕ್ಕಿಂತ ಜಾಸ್ತಿ ಹೇಳಿಬಿಟ್ವು, ಅಬ್ಬಾ."